ಕುರ್ಚಿಯಲ್ಲಿ ಕೇಳಿಸದ ಡೋಲು

ಕುಂದಲಹಳ್ಳಿ
19 ಜೂನ್ 2011

ದಿವ್ಯಾಳಿಗೆ,

ಆಶೀರ್ವಾದದಿಂದ ಶುರುವಾಗುವ ಪತ್ರವಲ್ಲ ಇದು. ಫೋನಿನಲ್ಲಿ ಮಾತಾಡಿದರೆ ಏನಾಗುತ್ತದೆ ಎಂದು ಯುಗಾದಿಯ ದಿನ ಇಬ್ಬರೂ ನೋಡಿದೆವು. ಮೇಲಿನ ಬಾಡಿಗೆಯವರೆಲ್ಲ ಬಾಲ್ಕನಿಗೆ ಬಂದು ನಿಂತು ನನ್ನ ಕೂಗಾಟ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ. ವಿಳಾಸ ಕೊಟ್ಟವಳು ನಿನ್ನ ಅಮ್ಮ. ಅವಳಿಗೆ ಹೇಗೆ ಸಿಕ್ಕಿತು ಎಂದು ಕೇಳಿದರೆ ಒಗ್ಗರಣೆ ಸೀಯುತ್ತದೆ ಎಂದು ಒಳಗೆ ಹೋದಳು.

ವಿಷಯ ಒಂದೇ. ಆ ಹುಡುಗ ಮಾಡಿಕೊಟ್ಟ ಸಬ್‌ವೂಫರ್ ಡಬ್ಬದಿಂದ ಸದ್ದು ಬರುತ್ತಿಲ್ಲ.

ನಿನಗೆ ಗೊತ್ತಿರುವುದನ್ನೇ ವಿವರವಾಗಿ ಬರೆಯುತ್ತೇನೆ, ಅವನಿಗೆ ಓದಿ ಹೇಳು. ಹಾಡು ಕೇಳಲೆಂದೇ ಕಾರು ನಿಲ್ಲಿಸುವ ಜಾಗದ ಹಿಂದೆ ಕೋಣೆ ಕಟ್ಟಿಸಿದೆ. ಪೂರ್ವದ ಗೋಡೆಯ ಕಡೆಗೆ ಎರಡು ಸ್ಪೀಕರು. ಕೋಣೆಯ ನಟ್ಟನಡುವೆ, ಫ್ಯಾನಿನ ಕೆಳಗೆ, ನನ್ನ ಕುರ್ಚಿ. ಭಾರ ಇರಬೇಕಾದ್ದು ನೈಋತ್ಯದಲ್ಲಿ ಎಂದು ವಾಸ್ತು ನೋಡಿದವರು ಹೇಳಿದ್ದರಿಂದ, ಡೋಲಿನಂಥ ದಪ್ಪ ಸದ್ದು ಕೊಡಬೇಕಾದ ಈ ಸಬ್‌ವೂಫರನ್ನು ಆ ಮೂಲೆಯಲ್ಲಿ ಇಡಿಸಿದೆ. ನಾನು ಕೇಳುವುದು ಹೆಚ್ಚಾಗಿ ನನ್ನ ಮದುವೆಯ ಮೆರವಣಿಗೆಯ ಟೇಪು. ಈಗ ಅದನ್ನು ಸಿ.ಡಿ. ಮಾಡಿಸಿದ್ದೇನೆ. ಅದರಲ್ಲಿ ನಿನ್ನ ತಾತ ದೊಡ್ಡಮುನಿಯಪ್ಪನವರ ದನಿ ಇದೆ. ಅವರದು ಎಂದು ಉಳಿದಿರುವ ದನಿ ಅಷ್ಟೇ. ಅವರು ಒಮ್ಮೆ ಕೂಗುತ್ತಾರೆ. ಕೂಗಿದ ಕೂಡಲೇ ಡೋಲಿನ ಏಟು ಬೀಳುತ್ತದೆ. ಅವತ್ತು ಆ ಏಟು ನನ್ನ ಎದೆಯ ಮೇಲೇ ಬಿದ್ದ ಹಾಗಿತ್ತು. ಅದು ಇನ್ನೊಮ್ಮೆ ಎದೆಗೆ ಬೀಳಲಿ ಎಂದೇ ಈ ಕೋಣೆ, ಈ ಡಬ್ಬ, ಎಲ್ಲ.

ಆಗಿರುವುದೇನು? ಬಾಗಿಲಲ್ಲಿ ನಿಂತವರಿಗೆ ಡೋಲು ಗುಡುಗುತ್ತದೆ. ಬಟ್ಟೆ ಒಗೆಯುವ ಮುನಿಯಕ್ಕ ಬಾಗಿಲಲ್ಲಿ ನಿಂತು ತಲೆದೂಗಿ ಹೋದಳು. ನನ್ನ ಕುರ್ಚಿಯಲ್ಲಿ ಕೂತರೆ ಯಾರೋ ಪಕ್ಕದ ಬೀದಿಯಲ್ಲಿ ಹಾಸಿಗೆ ಕೊಡವಿದ ಹಾಗೆ ಕೇಳಿಸುತ್ತದೆ.

ಅವನು ನನಗೆ ಸದ್ದಿಲ್ಲದ ಡಬ್ಬ ಕೊಟ್ಟ. ನನ್ನ ಮಗಳನ್ನು ಕರೆದುಕೊಂಡು ಹೋದ.

ನೀನು ಬಂದು ನೋಡುವುದಾದರೆ ಬಾ. ಅವನು ಬರಕೂಡದು.

ಹನುಮಂತರಾಯಪ್ಪ


ಬಾಗಲಗುಂಟೆ
27 ಜೂನ್ 2011

ಅಪ್ಪನಿಗೆ,

ನಾನು ಚೆನ್ನಾಗಿದ್ದೇನೆ. ನೀವು ಕೇಳಿಲ್ಲ, ಆದರೂ ಬರೆದಿದ್ದೇನೆ.

ಆ ಹುಡುಗನಿಗೆ ಮುರಳಿ ಎಂದು ಹೆಸರಿದೆ. ನನ್ನ ಗಂಡ. ಪೀಣ್ಯದ ಶೆಡ್ಡಿನಲ್ಲಿ ಅವರು ಮಾಡಿದ ಡಬ್ಬಗಳು ಎಷ್ಟೋ ಮನೆಗಳಲ್ಲಿ ಸರಿಯಾಗಿ ನಡೆಯುತ್ತಿವೆ. ಕೆಟ್ಟಿರುವುದು ಡಬ್ಬವಲ್ಲ, ಅದನ್ನು ಇಟ್ಟಿರುವ ರೀತಿ. ಅವರಿಗೆ ನಿಮ್ಮ ಪತ್ರ ಓದಿ ಹೇಳಲಿಲ್ಲ. ಉತ್ತರ ನಾನೇ ಬರೆಯುತ್ತೇನೆ. ನಾನೂ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳೇ.

ತಗ್ಗಿನ ಸ್ವರ ಗೋಡೆಗೆ ಬಡಿದು ಹಿಂದಕ್ಕೆ ಬರುತ್ತದೆ. ಹೋಗುವ ಅಲೆ, ಬರುವ ಅಲೆ ಎರಡೂ ಕೋಣೆಯ ನಡುವೆ ಸೇರಿ ಒಂದನ್ನೊಂದು ಅಳಿಸಿಬಿಡುತ್ತವೆ. ನಿಮ್ಮ ಕುರ್ಚಿ ಇರುವುದು ಅಲ್ಲೇ. ಫ್ಯಾನಿನ ಕೊಕ್ಕೆ ಎಲ್ಲಿದೆಯೋ ಅಲ್ಲಿ ಕೂರುವುದು ಗಾಳಿಗೆ ಸರಿ, ಡೋಲಿಗೆ ಸರಿಯಲ್ಲ. ಕುರ್ಚಿಯನ್ನು ಹಿಂದಕ್ಕೆ ಸರಿಸಿ.

ಆಮೇಲೆ ಡಬ್ಬಕ್ಕೆ ಜಾಗ ಹುಡುಕಬೇಕು. ಅದಕ್ಕೊಂದು ಕ್ರಮವಿದೆ. ಡಬ್ಬವನ್ನು ತೆಗೆದು ನಿಮ್ಮ ಕುರ್ಚಿಯ ಮೇಲೆ ಕೂರಿಸಿ. ಡೋಲಿನ ಭಾಗ ಹಾಕಿ. ನೀವು ನೆಲದ ಮೇಲೆ ಅಂಬೆಗಾಲಿಡುತ್ತ ಗೋಡೆಯ ಗುಂಟ ಹೋಗಿ. ಎಲ್ಲಿ ಡೋಲು ತುಂಬಿಕೊಂಡು ಕೇಳಿಸುತ್ತದೋ ಅದೇ ಡಬ್ಬದ ಜಾಗ. ಕಿವಿ ಡಬ್ಬದ ಎತ್ತರಕ್ಕೆ ಬರಬೇಕು, ಅದಕ್ಕೇ ಅಂಬೆಗಾಲು. ಗೇಲಿಗೆ ಬರೆದದ್ದಲ್ಲ. ಈ ಕೆಲಸ ಬಲ್ಲವರೆಲ್ಲ ಹೀಗೇ ಮಾಡುತ್ತಾರೆ.

ಜಾಗ ಸಿಕ್ಕ ಮೇಲೆ ಫೇಸ್ ಬದಲಿಸಿ ನೋಡಿ.

ನಾನೊಬ್ಬಳೇ ಬರುವುದಿಲ್ಲ. ಬಂದರೆ ಇಬ್ಬರೂ.

ದಿವ್ಯಾ


ಕುಂದಲಹಳ್ಳಿ
10 ಜುಲೈ 2011

ದಿವ್ಯಾ,

ನಿನ್ನ ಮಾತು ಕೇಳಿ ಮನೆ ಸುಡುವುದೊಂದು ಬಾಕಿ ಇತ್ತು.

ಆ ಡಬ್ಬವನ್ನು ನನ್ನ ಕುರ್ಚಿಯ ಮೇಲೆ ಕೂರಿಸಿ, ನಾನು ಅದರ ಮುಂದೆ ಮಗುವಿನ ಹಾಗೆ ತೆವಳಬೇಕೋ? ಈ ವಯಸ್ಸಿನಲ್ಲಿ, ನನ್ನ ಮನೆಯಲ್ಲಿ? ಅದನ್ನು ಬಿಟ್ಟೆ. ಫೇಸ್ ಬದಲಿಸುವುದು ಮರ್ಯಾದೆಯ ಕೆಲಸ, ಅದನ್ನೇ ಮಾಡಿಸೋಣ ಎಂದು ಎಲೆಕ್ಟ್ರಿಷಿಯನ್ ಮುನಿರಾಜುವನ್ನು ಕರೆಸಿದೆ.

"ಅಣ್ಣ, ಡೋಲಿಗೂ ಫೇಸಿಗೂ ಏನಣ್ಣ ಸಂಬಂಧ?" ಅಂದ.

"ನನ್ ಮಗಳು ಓದಿರೋಳು ಕಣೋ, ಅವಳೇ ಬರ್ದವ್ಳೆ. ನೀನು ಬದಲಾಯ್ಸು," ಎಂದು ಗದರಿದೆ.

ಕೋಣೆ ರೆಡ್ ಫೇಸಿನಲ್ಲಿತ್ತು. ಯೆಲ್ಲೋಗೆ ಹಾಕಿದ. ಕುರ್ಚಿಯಲ್ಲಿ ಕೂತು ಕೇಳಿದೆ, ವ್ಯತ್ಯಾಸವಿಲ್ಲ. ಬ್ಲೂಗೆ ಹಾಕು ಎಂದೆ. "ಬೇಡಣ್ಣ, ಲೋಡ್ ಜಾಸ್ತಿ ಆಯ್ತದೆ, ಪಂಪ್‌ಸೆಟ್ಟೂ ಅದ್ರಲ್ಲೇ ಐತೆ" ಎಂದ. ಹಾಕು ಎಂದೆ. ನಾನು ಅವಸರ ಮಾಡಿದ್ದಕ್ಕೋ ಏನೋ, ನ್ಯೂಟ್ರಲ್ ಇರಬೇಕಾದ ಕಡೆಗೂ ಇನ್ನೊಂದು ಫೇಸಿನ ತಂತಿ ಕೊಟ್ಟುಬಿಟ್ಟ. ಟ್ಯೂಬ್‌ಲೈಟು ಪಟ್ಟೆಂದು ಒಡೆಯಿತು. ಡಬ್ಬದ ಬೆನ್ನಿನಿಂದ ಹೊಗೆ ಎದ್ದಿತು. ಉಳಿದ ಸಾಮಾನು ಸ್ಟೆಬಿಲೈಸರಿನ ಹಿಂದೆ ಇದ್ದದ್ದರಿಂದ ಬದುಕಿತು. ಮುನಿರಾಜು ಒಡೆದ ಗಾಜಿನ ನಡುವೆ ನಿಂತು, "ಈಗ ಫೇಸೂ ಬದಲಾಯ್ತು, ಡಬ್ಬಾನೂ ಓಯ್ತು. ಇನ್ನೇನಾರ ಬರ್ದವ್ರಾ ಮೇಡಂ?" ಅಂದ. ಬಾಡಿಗೆಯವರು ಮತ್ತೆ ಬಾಲ್ಕನಿಗೆ ಬಂದರು.

ಇದಕ್ಕೆ ಉತ್ತರ ಹೇಳು.

ಹನುಮಂತರಾಯಪ್ಪ


ಬಾಗಲಗುಂಟೆ
17 ಜುಲೈ 2011

ಅಪ್ಪ,

ಈ ಪತ್ರವನ್ನು ಮುರಳಿಗೆ ಓದಿ ಹೇಳಿದೆ. ಅವರು ನಕ್ಕು ನಕ್ಕು ಕೆಮ್ಮಿದರು. ನನಗೆ ನಗು ಬರಲಿಲ್ಲ. ಯಾರಿಗಾದರೂ ಶಾಕ್ ಹೊಡೆದಿದ್ದರೆ?

ನಾನು ಬರೆದ ಫೇಸ್ ಕರೆಂಟಿನ ಫೇಸ್ ಅಲ್ಲ. ಡಬ್ಬದ ಹಿಂದೆ ಒಂದು ನಾಬ್ ಇದೆ, ಅದರ ಹೆಸರೂ ಫೇಸ್. ಕಾರು ಕೆಟ್ಟು ನಿಂತಿದೆ ಎಂದುಕೊಳ್ಳಿ. ಹಿಂದಿನಿಂದ ಇಬ್ಬರು ಒಟ್ಟಿಗೆ ತಳ್ಳಿದರೆ ಮುಂದೆ ಹೋಗುತ್ತದೆ. ಒಬ್ಬ ತಳ್ಳುವ ಹೊತ್ತಿಗೆ ಇನ್ನೊಬ್ಬ ಎಳೆದರೆ ಇದ್ದಲ್ಲೇ ಇರುತ್ತದೆ. ಮುಂದಿನ ಸ್ಪೀಕರುಗಳು ಗಾಳಿಯನ್ನು ತಳ್ಳುವ ಹೊತ್ತಿಗೇ ಸಬ್‌ವೂಫರೂ ತಳ್ಳಬೇಕು. ಆ ಹೊತ್ತನ್ನು ಹೊಂದಿಸುವುದು ಆ ನಾಬಿನ ಕೆಲಸ. ಮುನಿರಾಜುವಿನ ಕೆಲಸವಲ್ಲ.

ಅದು ಒಬ್ಬರಿಂದ ಆಗುವುದೂ ಇಲ್ಲ. ನಾಬ್ ಇರುವುದು ಡಬ್ಬದ ಹಿಂದೆ, ಕಿವಿ ಇರಬೇಕಾದ್ದು ಕುರ್ಚಿಯಲ್ಲಿ. ಒಬ್ಬರು ನೆಲದಲ್ಲಿ ಕೂತು ತಿರುಗಿಸಬೇಕು. ಇನ್ನೊಬ್ಬರು ಕುರ್ಚಿಯಲ್ಲಿ ಕೂತು, ಅದೇ ಏಟನ್ನು ಮತ್ತೆ ಮತ್ತೆ ಕೇಳಿ, ಸಾಕು ಎನ್ನಬೇಕು.

ಡಬ್ಬದ ಬೆನ್ನಿನ ತಟ್ಟೆಯ ಸ್ಕ್ರೂ ಬಿಚ್ಚಿದರೆ ಆಂಪ್ಲಿಫೈಯರ್ ಕೈಗೆ ಬರುತ್ತದೆ. ಯಾರ ಕೈಯಲ್ಲಾದರೂ ಕಳುಹಿಸಿ. ಮುರಳಿ ಸರಿ ಮಾಡುತ್ತಾರೆ. ನಿಮಗಾಗಿ ಅಲ್ಲ. ಅವರ ಕೈಯಲ್ಲಿ ಆದ ಸಾಮಾನು ಸುಟ್ಟು ಬಿದ್ದಿರುವುದನ್ನು ಅವರಿಂದ ಸಹಿಸಲಾಗುವುದಿಲ್ಲ, ಅಷ್ಟೇ.

ಇನ್ನೊಂದು ಮಾತು. ಅವರು ಬರಕೂಡದು ಎಂದು ಬರೆದಿರಿ. ಡಬ್ಬ ತಂದ ದಿನ ಬಂದಿದ್ದರಲ್ಲ? ಅವತ್ತು ಅಮ್ಮ ಎಲ್ಲರಿಗೂ ಕಾಫಿ ಕೊಟ್ಟಳು. ನಿಮಗೆ ಸ್ಟೀಲ್ ಲೋಟ. ವೈರಿಂಗಿಗೆ ಬಂದಿದ್ದ ಮುನಿರಾಜುವಿಗೆ ಸ್ಟೀಲ್ ಲೋಟ. ಮುರಳಿಗೆ ಪೇಪರ್ ಕಪ್. ನಾನು ನೋಡಿದೆ. ಅವರೂ ನೋಡಿದರು. ಕುಡಿದು, ಕಪ್ಪನ್ನು ಮಡಚಿ ತಮ್ಮ ಜೇಬಿನಲ್ಲಿ ಇಟ್ಟುಕೊಂಡು ಹೋದರು.

ದಿವ್ಯಾ


ಕುಂದಲಹಳ್ಳಿ
21 ಆಗಸ್ಟ್ 2011

ದಿವ್ಯಾ,

ಆಂಪ್ಲಿಫೈಯರನ್ನು ಕೊರಿಯರಿನವನಿಗೆ ಕೊಡಲು ಎತ್ತಿಟ್ಟಿದ್ದೆ. ಬೆಳಿಗ್ಗೆ ಎದ್ದರೆ ಅದೂ ಇಲ್ಲ, ನಿನ್ನ ಅಮ್ಮನೂ ಇಲ್ಲ. ಸೀರೆ ಅಂಗಡಿಯ ಚೀಲದಲ್ಲಿ ಸುತ್ತಿಕೊಂಡು, ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಿಸಿ, ಬಾಗಲಗುಂಟೆಗೆ ಬಂದಿದ್ದಾಳೆ. ಮನೆಯಲ್ಲಿ ಕಾರಿದೆ, ಡ್ರೈವರ್ ಇದ್ದಾನೆ. ನನ್ನ ಹೆಂಡತಿ ಬಸ್ಸಿನಲ್ಲಿ ಡಬ್ಬದ ಬೆನ್ನು ಹೊತ್ತುಕೊಂಡು ಊರು ದಾಟಿದಳು.

ಸಂಜೆ ಬಂದವಳು ನಡುಮನೆಯಲ್ಲಿ ನಿಂತು, ಅಜ್ಜಿಗೂ ಕೇಳಿಸುವಂತೆ, "ಊಟ ಅಲ್ಲೇ ಆಯ್ತು. ಅವಳ ಮಾವ ಪಾಪಯ್ಯನೋರು ಮುದ್ದೆ ಸಕ್ಕತ್ತಾಗಿ ಕಟ್ತಾರೆ" ಅಂದಳು. ನಾನು ಸಿಡಿಯುವ ಮೊದಲೇ ಅಜ್ಜಿ, "ಸಾರು ಏನ್ ಮಾಡಿದ್ರವ್ವ?" ಎಂದು ಕೇಳಿದರು. ಈ ಮನೆಯಲ್ಲಿ ನನ್ನ ಕಡೆ ಯಾರಿದ್ದಾರೆ ಎಂದು ಅವತ್ತೇ ತಿಳಿಯಿತು.

ನಾಬ್ ತಿರುಗಿಸಲು ಬಾ ಎಂದರೆ, "ಮಗಳು ಬರೋಗಂಟ ನಾನು ಆ ರೂಮಿಗೆ ಕಾಲಿಡಲ್ಲ" ಎನ್ನುತ್ತಾಳೆ. ಆಯಿತು. ಆ ಹುಡುಗನೇ ಬರಲಿ. ಆಂಪ್ಲಿಫೈಯರ್ ತಂದು, ಕೂರಿಸಿ, ಹೊಂದಿಸಿ ಹೋಗಲಿ. ಕೆಲಸದವನಾಗಿ ಬರುವುದಕ್ಕೆ ನನ್ನ ಅಡ್ಡಿಯಿಲ್ಲ. ಹಿಂದಿನ ಗೇಟು ತೆಗೆಸಿರುತ್ತೇನೆ. ಮುಂದಿನ ಬಾಗಿಲಿನಿಂದ ಅಳಿಯನಾಗಿ ಬರುವುದು ಆಗದ ಮಾತು.

ಪೇಪರ್ ಕಪ್ಪಿನ ವಿಷಯ. ಕೆಲಸದವರಿಗೆಲ್ಲ ನಮ್ಮ ಮನೆಯಲ್ಲಿ ಪೇಪರ್ ಕಪ್ಪೇ. ಇದನ್ನೊಂದು ದೊಡ್ಡ ವಿಷಯ ಮಾಡಬೇಡ.

ಹನುಮಂತರಾಯಪ್ಪ


ಬಾಗಲಗುಂಟೆ
28 ಆಗಸ್ಟ್ 2011

ಅಪ್ಪ,

ಹಿಂದಿನ ಗೇಟಿಗೆ ಬೀಗ ಹಾಕಿಸಿ. ಅಲ್ಲಿಂದ ಯಾರೂ ಬರುವುದಿಲ್ಲ.

ಕೆಲಸದವರಿಗೆಲ್ಲ ಪೇಪರ್ ಕಪ್ಪಾದರೆ ಮುನಿರಾಜು ಯಾರು? ನೆಂಟನೇ? ಅವನು ವೈರು ಎಳೆಯಲು ಬಂದಿದ್ದ, ಇವರು ಡಬ್ಬ ಇಡಲು ಬಂದಿದ್ದರು. ಇಬ್ಬರ ಕೈಯೂ ಒಂದೇ ಧೂಳಿನಲ್ಲಿತ್ತು. ಲೋಟ ಯಾಕೆ ಬೇರೆಯಾಯಿತು ಎಂದು ನಿಮಗೂ ಗೊತ್ತು, ನನಗೂ ಗೊತ್ತು. ನೀವು ಬರೆಯುವುದಿಲ್ಲ. ನಾನೂ ಬರೆಯುವುದಿಲ್ಲ. ಬರೆದರೆ ಕಾಗದ ಹರಿಯುತ್ತದೆ.

ನಿಮ್ಮ ಡೋಲು ಕುರ್ಚಿಯಲ್ಲಿ ಯಾಕೆ ಕೇಳಿಸುವುದಿಲ್ಲ ಎಂದು ಈಗ ಹೇಳುತ್ತೇನೆ. ಇಷ್ಟು ದಿನ ಗೋಡೆ, ಅಲೆ, ಫ್ಯಾನು ಎಂದೆಲ್ಲ ಬರೆದೆ. ಅದೆಲ್ಲ ನಿಜವೇ. ಆದರೆ ಅದಕ್ಕಿಂತ ಮೊದಲು ನಡೆದದ್ದು ಒಂದಿದೆ.

ಅವತ್ತು ಡಬ್ಬ ಇಟ್ಟ ಮೇಲೆ ನಾಬ್ ಹೊಂದಿಸಬೇಕಿತ್ತು. ತಿರುಗಿಸಲು ನೆಲದ ಮೇಲೆ ಕೂತವಳು ನಾನು. ಕೇಳಿ ಹೇಳಬೇಕಿದ್ದವರು ಮುರಳಿ. ಅವರು ನಿಮ್ಮ ಕುರ್ಚಿಯ ಕೈ ಹಿಡಿದರು, ಕೂರಲು. ನೀವು "ಏಯ್, ಅಲ್ಲಲ್ಲ. ಬಾಗ್ಲತ್ರ ನಿಂತ್ಕೊಂಡು ಕೇಳು" ಅಂದಿರಿ. ಅವರು ಬಾಗಿಲಿಗೆ ಹೋಗಿ ನಿಂತರು. ಅಲ್ಲಿ ನಿಂತೇ ಕೇಳಿದರು, ಅಲ್ಲಿಂದಲೇ ಸಾಕು ಎಂದರು. ಈಗ ಬಾಗಿಲಲ್ಲಿ ಡೋಲು ಗುಡುಗುತ್ತದೆ ಎಂದು ದೂರುತ್ತೀರಿ. ಗುಡುಗದೆ ಇನ್ನೇನು? ನೀವು ನಿಲ್ಲಿಸಿದ ಜಾಗಕ್ಕೆ ಸರಿಯಾಗಿಯೇ ಹೊಂದಿಸಿಕೊಟ್ಟಿದ್ದಾರೆ.

ಯಾವಾಗ ಶುರುವಾಯಿತು ಇದೆಲ್ಲ ಎಂದು ಅಮ್ಮ ಕೇಳುತ್ತಿರುತ್ತಾಳೆ. ಆವಾಗಲೇ. ನಾಬ್ ಹಿಡಿದುಕೊಂಡು ಅವರ ಮುಖ ನೋಡುತ್ತಿದ್ದೆ. ಅವರು ಕಣ್ಣು ಮುಚ್ಚಿ ಆ ಡೋಲನ್ನೇ ಕೇಳುತ್ತಿದ್ದರು. ಯಾಕೆಂದರೆ ಅದು ಅವರ ಅಪ್ಪನ ಕೈ. ನಿಮ್ಮ ಮದುವೆಯಲ್ಲಿ ಡೋಲು ಬಾರಿಸಿದ ದೊಡ್ಡನೆಕ್ಕುಂದಿಯ ಪಾಪಯ್ಯನವರೇ ನನ್ನ ಮಾವ. ಇದು ನಿಮಗೆ ಮೊದಲಿನಿಂದಲೂ ಗೊತ್ತು. ಮದುವೆ ಮನೆಗಳಿಗೆಲ್ಲ ಸ್ಪೀಕರು ಬಂದು ಡೋಲು ಮೂಲೆ ಸೇರಿದಾಗ, ಅವರ ಮಗ ಸ್ಪೀಕರು ಮಾಡುವುದನ್ನೇ ಕಲಿತರು.

ಮಾವನ ಕೈಯ ಏಟು ನಿಮ್ಮ ಎದೆಗೆ ಬೀಳಬೇಕು. ಅವರ ನೆರಳು ಮಾತ್ರ ಮನೆಯೊಳಗೆ ಬೀಳಬಾರದು.

ಆ ಟೇಪನ್ನು ದಿನಾ ಹಾಕುತ್ತೀರಿ. ಡೋಲಿಗೆ ಮೊದಲು ತಾತ ಏನೆಂದು ಕೂಗುತ್ತಾರೆ ಎಂದು ಯಾವತ್ತಾದರೂ ಕಿವಿಯಿಟ್ಟು ಕೇಳಿದ್ದೀರಾ?

ಆಂಪ್ಲಿಫೈಯರ್ ಸರಿಯಾಗಿದೆ. ಮೊನ್ನೆ ಮತ್ತೆ ಬಂದ ಅಮ್ಮನ ಕೈಯಲ್ಲೇ ಕಳುಹಿಸಿದ್ದೇನೆ, ಬಸ್ಸಿನಲ್ಲೇ. ಸ್ಕ್ರೂ ಹಾಕುವುದು ನಿಮಗೇ ಬರುತ್ತದೆ. ತೆವಳುವುದೂ ನೀವೇ.

ದಿವ್ಯಾ


ಕುಂದಲಹಳ್ಳಿ
9 ಅಕ್ಟೋಬರ್ 2011

ದಿವ್ಯಾ,

ನಿನ್ನ ಪತ್ರವನ್ನು ಹರಿದು ಹಾಕಿದೆ. ಹರಿದ ಮೇಲೆ ಪೂರ್ತಿ ನೆನಪಿರುತ್ತದೆ ಎಂದು ಗೊತ್ತಿರಲಿಲ್ಲ.

ಒಂದು ತಿಂಗಳು ಆ ಕೋಣೆಯ ಬೀಗ ತೆಗೆಯಲಿಲ್ಲ. ಆಯುಧಪೂಜೆಗೆ ತೆಗೆಯಲೇಬೇಕಾಯಿತು. ಅಮ್ಮ ಬಾಗಿಲ ಹೊರಗೇ ನಿಂತು ಅರಿಶಿನ ಕುಂಕುಮದ ತಟ್ಟೆ ಕೊಟ್ಟಳು. ಡಬ್ಬಕ್ಕೆ ಕುಂಕುಮ ಇಡುವಾಗ ಸಿಟ್ಟು ಬಂತು. ಇಷ್ಟು ದಿನ ಒಂದು ಡಬ್ಬಕ್ಕೆ ಸೋತು ಕೂತಿದ್ದೇನಲ್ಲ ಎಂದು. ಆಂಪ್ಲಿಫೈಯರ್ ಕೂರಿಸಿ ಸ್ಕ್ರೂ ಬಿಗಿದೆ. ಡಬ್ಬವನ್ನು ಎತ್ತಿ ನನ್ನ ಕುರ್ಚಿಯ ಮೇಲೆ ಇಟ್ಟೆ. ಬಾಗಿಲು ಹಾಕಿಕೊಂಡೆ. ಪಂಚೆ ಎತ್ತಿ ಕಟ್ಟಿದೆ.

ನೆಲಕ್ಕೆ ಗ್ರಾನೈಟ್ ಹಾಕಿಸಬಾರದಿತ್ತು. ಮಂಡಿ ಇನ್ನೂ ಊದಿಕೊಂಡಿದೆ.

ಅರ್ಧ ಗೋಡೆ ದಾಟಿದ್ದೆ, ಅಜ್ಜಿ ಬಾಗಿಲು ತಳ್ಳಿದರು. ಕಿವಿ ಮಂದವಾದರೂ ಕಣ್ಣು ಚೆನ್ನಾಗಿದೆ. "ಏನ್ಲಾ ಅಣ್ಮಂತ, ಏನ್ ಕಳ್ಕೊಂಡೆ?" ಅಂದರು.

"ಡೋಲು ಹುಡುಕ್ತಾ ಇವ್ನಿ ಕಣವ್ವ."

"ಡೋಲು ಕುರ್ಚಿ ಮ್ಯಾಲೆ ಕೂತೈತೆ. ನೀನು ನೆಲದಾಗೆ ಉಡುಕ್ತಾ ಇದ್ದೀಯ," ಎಂದು ಹೇಳಿ, ಬಾಗಿಲು ತೆರೆದಿಟ್ಟೇ ಹೋದರು. ಮುನಿಯಕ್ಕನೂ ನೋಡಿದಳು. ಈಗ ಊರಿಗೆಲ್ಲ ಗೊತ್ತು.

ಜಾಗ ಸಿಕ್ಕಿದೆ. ನೈಋತ್ಯವಲ್ಲ. ಬಾಗಿಲ ಪಕ್ಕದಲ್ಲಿ, ಚಪ್ಪಲಿ ಸ್ಟ್ಯಾಂಡ್ ಇತ್ತಲ್ಲ, ಅಲ್ಲಿ. ಸ್ಟ್ಯಾಂಡ್ ಹೊರಗೆ ಹಾಕಿ ಡಬ್ಬ ಇಟ್ಟೆ. ಕುರ್ಚಿಯನ್ನೂ ಫ್ಯಾನಿನಿಂದ ಹಿಂದಕ್ಕೆ ಎಳೆದೆ. ಬೆವರು ಸುರಿಯುತ್ತದೆ, ಡೋಲು ಮೊದಲಿಗಿಂತ ಹತ್ತಿರ ಬಂದಿದೆ. ಎದೆಗೆ ಇನ್ನೂ ಬಿದ್ದಿಲ್ಲ. ನಾಬ್ ಬಾಕಿ ಇದೆ.

ತಾತ ಏನೆಂದು ಕೂಗುತ್ತಾರೆ ಎಂದು ಕೇಳಿದ್ದೆಯಲ್ಲ. ನೆಲದಲ್ಲಿದ್ದಾಗ ಕೇಳಿಸಿತು. ಅದರ ಬಗ್ಗೆ ಈಗ ಬರೆಯುವುದಿಲ್ಲ.

ಆ ಏಟು ಅವತ್ತು ಹೇಗಿತ್ತು ಎಂದು ಸರಿಯಾಗಿ ಬಲ್ಲವರು ಇಬ್ಬರೇ. ಹೊಡೆಸಿಕೊಂಡವನು ನಾನು, ಬಾರಿಸಿದವನು ಅವನು. ನಾನು ನಾಬ್ ಹಿಡಿಯುತ್ತೇನೆ. ಕುರ್ಚಿಯಲ್ಲಿ ಪಾಪಯ್ಯ ಕೂತು ಹೇಳಲಿ. ಮುಂದಿನ ಗೇಟಿನಿಂದಲೇ ಬರಲಿ. ನಿನ್ನ ಅಮ್ಮನನ್ನು ಕೇಳಿ ಬರೆದದ್ದಲ್ಲ, ನಾನೇ ಬರೆದದ್ದು.

ಹನುಮಂತರಾಯಪ್ಪ


ಬಾಗಲಗುಂಟೆ
16 ಅಕ್ಟೋಬರ್ 2011

ಅಪ್ಪ,

ನಿಮ್ಮ ಪತ್ರವನ್ನು ಮಾವನಿಗೆ ಓದಿ ಹೇಳಿದೆ. "ಬಾರಿಸಿದವನು ಅವನು" ಎಂಬುದನ್ನೂ ಹಾಗೇ ಓದಿದೆ, ತಿದ್ದಲಿಲ್ಲ.

ಮುರಳಿಗೆ ಇಷ್ಟವಿಲ್ಲ. "ಮಗಳ್ನ ಕರ್ಯಕ್ಕೆ ಬಾಯ್ ಬರಲ್ಲ, ಅಳಿಯನ್ನ ಕರ್ಯಕ್ಕೆ ಬಾಯ್ ಬರಲ್ಲ, ಡೋಲು ಸರಿ ಮಾಡಕ್ಕೆ ನಮ್ಮಪ್ಪ ಬೇಕಾ?" ಎಂದು ಎದ್ದು ಶೆಡ್ಡಿಗೆ ಹೋದರು. ಅವರ ಸಿಟ್ಟು ನ್ಯಾಯವೇ. ನಾನೂ ಅದನ್ನೇ ಹೇಳುತ್ತಿದ್ದೆ.

ಮಾವ ಬೀಡಿ ಆರಿಸಿ ಅಂದರು: "ಓಗಾನ. ಆಯಪ್ಪ ನಿಜ್ವಾಗ್ಲೂ ನೆಲದಾಗೆ ಕುಂತ್ಕತಾನಾ ಕೇಳು. ನಾನು ಸಾಕು ಅನ್ನೋಗಂಟ ತಿರುಗ್ಸಬೇಕು. ಮದ್ಯದಾಗೆ ಎದ್ದೋಗಂಗಿಲ್ಲ. ಅವತ್ತು ನಂಗೂ ಎದ್ದೋಗಕ್ಕೆ ಬಿಟ್ಟಿರ್ಲಿಲ್ಲ."

ದೀಪಾವಳಿ ಕಳೆದ ಮೇಲಿನ ಭಾನುವಾರ ಬರುತ್ತಾರೆ. ಮುರಳಿ ಗಾಡಿಯಲ್ಲಿ ಕರೆತರುತ್ತಾರೆ, ಗೇಟಿನ ಹೊರಗೆ ನಿಲ್ಲುತ್ತಾರೆ. ಒಳಗೆ ಬರುವುದು ಬಿಡುವುದು ನಿಮ್ಮ ಬಾಯಿಗೆ ಸೇರಿದ್ದು.

ನಾನು ಬರುವುದಿಲ್ಲ. ಮೊದಲು ಅವರಿಗೆ ಏನಾಗುತ್ತದೆ ನೋಡುತ್ತೇನೆ.

ದಿವ್ಯಾ


ಕುಂದಲಹಳ್ಳಿ
30 ಅಕ್ಟೋಬರ್ 2011

ದಿವ್ಯಾ,

ಅವರು ಈಗ ತಾನೇ ಹೊರಟರು. ನೀನು ಅವರಿಂದ ಕೇಳುವ ಮೊದಲು ನಾನೇ ಬರೆದುಬಿಡಬೇಕು. ನಾಳೆ ಬೆಳಿಗ್ಗೆಯೇ ಡ್ರೈವರ್ ಕೈಯಲ್ಲಿ ಕಳುಹಿಸುತ್ತೇನೆ. ಕೋಪ ಇನ್ನೂ ಇಳಿದಿಲ್ಲ. ಅದಕ್ಕೇ ಅಕ್ಷರ ಹೀಗಿದೆ.

ಪಾಪಯ್ಯ ಮುಂದಿನ ಗೇಟಿನಿಂದಲೇ ಬಂದರು. ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ. ಕೋಣೆಗೆ ಕರೆದುಕೊಂಡು ಹೋದೆ. ಕುರ್ಚಿ ತೋರಿಸಿದೆ. ಕೂರಲಿಲ್ಲ. "ನನ್ ಮಗ ಒರಗಡೆ ನಿಂತವ್ನೆ," ಎಂದರು. ಅಷ್ಟೇ ಮಾತು. ನಿಂತೇ ಇದ್ದರು. ನಾನೂ ನಿಂತಿದ್ದೆ. ಎಷ್ಟು ಹೊತ್ತು ನಿಲ್ಲುತ್ತಾರೆ ನೋಡೋಣ ಎಂದುಕೊಂಡೆ. ನಿಲ್ಲುವುದರಲ್ಲಿ ಅವರನ್ನು ಗೆಲ್ಲಲು ನನ್ನಿಂದಾಗುವುದಿಲ್ಲ, ಅವರಿಗೆ ಅಭ್ಯಾಸವಿದೆ. ಗೇಟಿಗೆ ಹೋದೆ. ಅವನು ಗಾಡಿಯ ಮೇಲೆ ಕೂತು ಬೇರೆ ಕಡೆ ನೋಡುತ್ತಿದ್ದ. "ಮುರಳಿ, ಒಳಗ್ ಬಾಪ್ಪ," ಎಂದೆ. ತಿರುಗಿ ನೋಡಿದ, ಇಳಿಯಲಿಲ್ಲ. ಎರಡನೇ ಸಲ ಕರೆದೆ. ಬಾಡಿಗೆಯವರು ಬಾಲ್ಕನಿಯಲ್ಲಿದ್ದರು. ಅವರಿಗೆ ಕೇಳಿಸುವಷ್ಟು ಜೋರಾಗಿಯೇ ಕರೆಯಬೇಕಾಯಿತು.

ನಿನ್ನ ಅಮ್ಮ ಎರಡು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದಳು. ಆ ಕೋಣೆಗೆ ಕಾಲಿಡುವುದಿಲ್ಲ ಎಂದವಳು ಕಾಫಿ ತಂದು ತಾನೂ ಕೂತಳು. ಎಲ್ಲರಿಗೂ ಸ್ಟೀಲ್ ಲೋಟ. ಪಾಪಯ್ಯ ಲೋಟವನ್ನು ತಿರುಗಿಸಿ ನೋಡಿ, "ಕಪ್ಪು ಕಾಲಿಯಾದ್ವೇನವ್ವ?" ಎಂದು ಕೇಳಿದರು. ಅವಳು ತಲೆ ತಗ್ಗಿಸಿದಳು. ನನಗೆ ಮೈ ಉರಿಯಿತು.

ಆಮೇಲೆ ಅವರು ನನ್ನ ಕುರ್ಚಿಯಲ್ಲಿ ಕೂತರು. ಸಿ.ಡಿ.ಯ ರಿಮೋಟು ಅವರ ಕೈಗೆ ಕೊಟ್ಟೆ. ನಾನು ಬಾಗಿಲ ಪಕ್ಕ, ಡಬ್ಬದ ಹಿಂದೆ, ನೆಲದ ಮೇಲೆ ಕೂತು ನಾಬ್ ಹಿಡಿದೆ. ಮುರಳಿ ಅವರಿಗೆ ಹಿಂದಕ್ಕೆ ಓಡಿಸುವ ಗುಂಡಿ ಯಾವುದೆಂದು ತೋರಿಸಿಕೊಟ್ಟ.

ಇಷ್ಟು ದಿನ ನಾನು ಆ ಟೇಪಿನಲ್ಲಿ ಅಪ್ಪನ ದನಿಯನ್ನು ಕೇಳುತ್ತಿದ್ದೆ. ಮಾತನ್ನು ಕೇಳಿರಲಿಲ್ಲ, ಆ ತೆವಳಿದ ದಿನದವರೆಗೆ. ಇವತ್ತು ಕೋಣೆಯಲ್ಲಿ ಎಲ್ಲರೂ ಕೂತಿದ್ದರು. ತಾತ ಕೂಗಿದರು.

"ಲೇ ಪಾಪಿಗಾ! ಕೈ ಸೇದೋಯ್ತೇನ್ಲಾ? ಕೂಲಿ ಬೇಕಾದ್ರೆ ಬಾರ್ಸಲೇ!"

ಡೋಲು ಬಿತ್ತು.

ನಾನು ನಾಬ್ ತಿರುಗಿಸಿದೆ. ಕುರ್ಚಿಯ ಕಡೆ ನೋಡಲು ಧೈರ್ಯವಾಗಲಿಲ್ಲ. ಪಾಪಯ್ಯ ಹಿಂದಕ್ಕೆ ಓಡಿಸಿದರು. ಡೋಲಿಗೆ ಓಡಿಸಬಹುದಿತ್ತು. ಕೂಗಿನ ಹಿಂದಕ್ಕೇ ಓಡಿಸಿದರು. ಮತ್ತೆ ತಾತ ಕೂಗಿದರು. ಡೋಲು ಬಿತ್ತು. ತಿರುಗಿಸಿದೆ. ಮತ್ತೆ ಹಿಂದಕ್ಕೆ. ಬಾಗಿಲಲ್ಲಿ ಅಜ್ಜಿ ಬಂದು ನಿಂತಿದ್ದರು. ಬೇರೆ ಯಾವುದೂ ಅವರಿಗೆ ಕೇಳಿಸುವುದಿಲ್ಲ, ಅದು ಕೇಳಿಸಿತು. "ನಮ್ ಯಜಮಾನ್ರು," ಎಂದರು. "ಊಂ ಕಣವ್ವ, ನಿಮ್ ಯಜಮಾನ್ರೇ. ಗಂಟಲು ಇನ್ನೂ ಅಂಗೇ ಐತೆ," ಎಂದು ಪಾಪಯ್ಯ ಜೋರಾಗಿ ಹೇಳಿ, ಮತ್ತೆ ಹಿಂದಕ್ಕೆ ಓಡಿಸಿದರು.

ಎಷ್ಟು ಸಲವೋ ಲೆಕ್ಕವಿಡಲಿಲ್ಲ. ನಡುವೆ ಯಾವಾಗಲೋ ನಾಬ್ ಸರಿಯಾದ ಜಾಗಕ್ಕೆ ಬಂತು. ನೆಲದಲ್ಲಿದ್ದ ನನಗೇ ಗೊತ್ತಾಯಿತು. ಏಟು ಬಂದು ಎದೆಗೆ ಬಿತ್ತು, ಮದುವೆಯ ದಿನ ಬಿದ್ದ ಹಾಗೆಯೇ. ಅದಕ್ಕಾಗಿ ಕೋಣೆ ಕಟ್ಟಿಸಿದವನು ನಾನು. ಮುರಳಿಗೂ ಗೊತ್ತಾಯಿತು, ತನ್ನ ಅಪ್ಪನ ಮುಖ ನೋಡಿದ. ಪಾಪಯ್ಯ ಸಾಕು ಎನ್ನಲಿಲ್ಲ. ಮತ್ತೆ ಹಿಂದಕ್ಕೆ ಓಡಿಸಿದರು. ತಾತ ಮತ್ತೆ ಕೂಗಿದರು.

ಮುಂದಿನ ಭಾನುವಾರ ಮತ್ತೆ ಬರುತ್ತೇವೆ ಎಂದು ಹೇಳಿ ಹೋಗಿದ್ದಾರೆ. ನೀನೂ ಬಾ. ಪ್ಲಾಸ್ಟಿಕ್ ಕುರ್ಚಿಗಳನ್ನು ಅಲ್ಲೇ ಬಿಟ್ಟಿದ್ದೇನೆ.

ಒಂದು ಬರೆಯುವುದು ಉಳಿಯಿತು. ಆ ಕೂಗನ್ನು ಕೇಳಿ ಕೇಳಿ ಕೊನೆಗೆ ನನಗೇ ತಡೆಯಲಾಗಲಿಲ್ಲ. ನಾಬ್ ಬಿಟ್ಟು, "ಸಾಕು, ಪಾಪಯ್ಯನವರೇ," ಎಂದೆ.

ಅವರು ರಿಮೋಟು ಹಿಡಿದ ಕೈಯನ್ನು ಕುರ್ಚಿಯ ಕೈಮೇಲೆ ಇಟ್ಟುಕೊಂಡು, ಮೊದಲ ಸಲ ನನ್ನ ಮುಖ ನೋಡಿದರು.

"ಎಲ್ಲಿ ಸಾಕು, ಬೀಗ್ರೇ? ಇನ್ನೊಂದ್ ಚೂರು ತಿರುಗ್ಸಿ."

ನಾನು ತಿರುಗಿಸಿದೆ.

ಹನುಮಂತರಾಯಪ್ಪ